ಎಂಟು ಕಾಯಿಯ ಆಟಕ್ಕೆ ಹನ್ನೊಂದು ಲೈಬ್ರರಿ

ಆರಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಕಡೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಹೀಗೆಂದು ಹೇಳಿದವರು ಬೇರೆ ಯಾರೂ ಅಲ್ಲ, ನಾನೇ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದಿನಿಂದಲೇ ಅದು ಚಟ್ನಿಗೋ ಕೊಬ್ಬರಿಗೋ ಎಂದು ತೀರ್ಪು ಕೊಡುತ್ತೇನೆ. ನಮ್ಮ ಮನೆಯ ಮಿಕ್ಸಿಯನ್ನು ಮೂರು ಊರುಗಳ ಏಳು ಅಂಗಡಿಗಳಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ಎರಡು ತಿಂಗಳ ನಂತರ ಆರಿಸಿ ತಂದೆ. ಆ ಎರಡು ತಿಂಗಳು ಒರಳಿನಲ್ಲಿ ರುಬ್ಬಿದವಳು ನನ್ನ ಹೆಂಡತಿ ಗಿರಿಜಾ. ಆದರೆ ಮಿಕ್ಸಿ ಇವತ್ತಿಗೂ ಚೆನ್ನಾಗಿದೆ. ಗಿರಿಜಾಳ ಬಲ ಭುಜ ಮಾತ್ರ ಆಗಾಗ ನೋಯುತ್ತದೆ.

ನಾನು ಕಡೂರಿನಲ್ಲಿದ್ದುಕೊಂಡು ದಿನವೂ ಬಸ್ಸಿನಲ್ಲಿ ತರೀಕೆರೆಗೆ ಹೋಗಿ, ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಎರಡು ವರ್ಷದ ಹಿಂದೆ ನಮಗೆಲ್ಲ ಹತ್ತು ದಿನದ ಕಂಪ್ಯೂಟರ್ ತರಬೇತಿ ಕೊಟ್ಟರು. ಅಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹದಿನೇಳರ ಮಗ್ಗಿಯನ್ನು ತೆರೆಯ ಮೇಲೆ ಬರಿಸಿದವನು ನಾನೊಬ್ಬನೇ. ಅವತ್ತಿನಿಂದ ಒಳಗೊಳಗೇ ನನಗೆ ಒಂದು ಧೈರ್ಯ ಬಂದಿತ್ತು. ಆ ಧೈರ್ಯವನ್ನು ಎಲ್ಲಿ ಖರ್ಚು ಮಾಡುವುದು ಎಂದು ಕಾಯುತ್ತಿದ್ದೆ.

ಈ ಸಲದ ಯುಗಾದಿಗೆ ಜಾಗ ಸಿಕ್ಕಿತು.

ಹಬ್ಬಕ್ಕೆ ಅಜ್ಜಂಪುರದ ಮಾವನ ಮನೆಗೆ ಹೋಗಿದ್ದೆವು. ಮಾವ ಸಿದ್ದಪ್ಪನವರಿಗೆ ಈಗ ಎಪ್ಪತ್ತೊಂಬತ್ತು. ಒಂದು ಕಾಲದಲ್ಲಿ ಸುತ್ತಲಿನ ಊರಿನವರು ಜೋಡೆತ್ತು ಕೊಳ್ಳಬೇಕಾದರೆ ಇವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಅಂಥ ಮನುಷ್ಯ ಅವತ್ತು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಕಾರಣ ವಿಚಾರಿಸಿದರೆ, ಕೋಣೆಯ ಬಾಗಿಲನ್ನು ಮುಚ್ಚಿ ಅದರ ಹಿಂಬದಿಯನ್ನು ತೋರಿಸಿದರು.

ಅಲ್ಲಿ ಇದ್ದಿಲಿನಿಂದ ಎಳೆದ ಗೀಟುಗಳಿದ್ದವು. ಎಡಗಡೆ ಇಪ್ಪತ್ತೊಂದು, ಬಲಗಡೆ ಇಪ್ಪತ್ತೆರಡು.

ವಿಷಯ ಇಷ್ಟು. ಮಾವನಿಗೆ ಗಂಗಮ್ಮ ಎಂಬ ತಂಗಿ ಇದ್ದಾರೆ, ದೇವನೂರಿಗೆ ಕೊಟ್ಟಿದ್ದು. ಪ್ರತಿ ಗೌರಿ ಹಬ್ಬಕ್ಕೆ ಅವರು ತವರಿಗೆ ಬಂದು, ಬಾಗಿನ ತೆಗೆದುಕೊಂಡು, ಊಟ ಮಾಡಿ, ಪಡಸಾಲೆಯಲ್ಲಿ ಅಣ್ಣನ ಜೊತೆ ಒಂದೇ ಒಂದು ಆಟ ಚೌಕಾಬಾರ ಆಡುವುದು ನಡೆದುಕೊಂಡು ಬಂದ ಪದ್ಧತಿ. ಗೆದ್ದವರ ಕಡೆ ಒಂದು ಗೀಟು; ಎಡಗಡೆ ಅಣ್ಣನದು, ಬಲಗಡೆ ತಂಗಿಯದು. ಹೋದ ವರ್ಷ ಗಂಗಮ್ಮ ಗೆದ್ದು ಮುಂದೆ ಹೋದರು. ಈಗ ಅವರ ಮೊಣಕಾಲಿಗೆ ಆಪರೇಷನ್ ಆಗಿದೆ. ಈ ವರ್ಷವೆಲ್ಲ ಪ್ರಯಾಣ ಕೂಡದು, ನೆಲದ ಮೇಲೆ ಕೂರಕೂಡದು ಎಂದು ಡಾಕ್ಟರ ಅಪ್ಪಣೆ.

"ನೀವೇ ದೇವನೂರಿಗೆ ಹೋಗಿ ಆಡ್ಬೋದಲ್ಲ ಮಾವ?" ಎಂದೆ.

"ಅಲ್ಲಿಗಾ?" ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಿ ಅವಳ ಕಡೆಯೋರೇ ಹದಿನಾರು ಜನ ಅವ್ರೆ. ನಾನು ಕವಡೆ ಬಿಟ್ರೆ ಅಷ್ಟೂ ಜನ ಒಟ್ಟಿಗೆ ಕೆಮ್ತಾರೆ. ಆಟ ಆದ್ರೆ ಈ ಪಡಸಾಲೇಲೇ ಆಗ್ಬೇಕು. ನಂಗೇನು ಗೆಲ್ಬೇಕು ಅಂತಿಲ್ಲ ಅಳಿಯಂದಿರೇ. ಸಮ ಆದ್ರೆ ಸಾಕು. ಸಮ ಆಗ್ದಂಗೆ ಹೋದ್ರೆ ಆ ಬಾಗ್ಲು ಹಿಂದುಗಡೆ ನನ್ನ ಮಾನ ಹಂಗೇ ಉಳಿದ್ಬಿಡ್ತೈತೆ."

ಗಿರಿಜಾ ಒಳಗಿನಿಂದಲೇ ಹೇಳಿದಳು: "ಗಂಗತ್ತೆಗೆ ಫೋನ್ ಮಾಡಿ ಆಡಿದ್ರಾಯ್ತಪ್ಪ."

ನಾನು ನಕ್ಕೆ. ಹೆಂಗಸರು ತಂತ್ರಜ್ಞಾನದ ವಿಷಯ ಮಾತಾಡಿದಾಗ ಗಂಡಸರು ನಗುವ ಒಂದು ನಗೆ ಇದೆಯಲ್ಲ, ಅದೇ ನಗು. ನಕ್ಕು, ಎದ್ದು ನಿಂತು, ಪಂಚೆ ಸರಿಮಾಡಿಕೊಂಡು ಘೋಷಿಸಿದೆ: "ಮಾವ, ಗೌರಿ ಹಬ್ಬದ ಹೊತ್ತಿಗೆ ನಾನೇ ಒಂದು ಚೌಕಾಬಾರದ ಗೇಮ್ ಬರೀತೀನಿ. ನೀವಿಲ್ಲಿ, ಗಂಗತ್ತೆ ಅಲ್ಲಿ. ಕಂಪ್ಯೂಟರಲ್ಲೇ ಆಟ."

"ಅಂಥವು ಮೊಬೈಲಲ್ಲಿ ಆಗ್ಲೇ ಇದಾವಲ್ಲ," ಎಂದಳು ಗಿರಿಜಾ.

ಇದ್ದವು. ಅಲ್ಲೇ ಒಂದನ್ನು ಹಾಕಿ ತೋರಿಸಿದೆವು. ಮಾವ ಎರಡೇ ನಿಮಿಷದಲ್ಲಿ ತಿರಸ್ಕರಿಸಿದರು. ಇವರ ಮನೆಯ ಕಾನೂನೇ ಬೇರೆ. ಕವಡೆ ಗೋಡೆಗೆ ಒರಗಿ ನಿಂತರೆ ಆ ಎಸೆತ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ಒರಗಿದೆಯೋ ಇಲ್ಲವೋ ಎಂಬುದನ್ನು ಎದುರಾಳಿ ಒಪ್ಪಬೇಕು. ಮೊಬೈಲಿನ ಕವಡೆ ಯಾವ ಗೋಡೆಗೂ ಒರಗುವುದಿಲ್ಲ. ಜಗಳಕ್ಕೆ ಜಾಗವೇ ಇಲ್ಲದ ಆಟ ಮಾವನಿಗೆ ಬೇಡವಾಗಿತ್ತು.

"ನಮ್ಮನೆ ಕಾನೂನು ಹಾಕಿ ಬರೀತೀರಾ?"

"ಗೋಡೆ ಸಮೇತ ಬರೀತೀನಿ ಮಾವ."

ಮಾವ ಬಿಟ್ಟುಹೋಗಿದ್ದ ಹೋಳಿಗೆಗೆ ವಾಪಸು ಬಂದರು. ಸಂಜೆಯೊಳಗೆ ಸುದ್ದಿ ದೇವನೂರು ತಲುಪಿತು.

ಇಲ್ಲಿ ಓದುಗರಿಗೆ ಸ್ವಲ್ಪ ವಿವರಣೆ ಕೊಡಬೇಕು. ಕಂಪ್ಯೂಟರಿಗೆ ತಾನಾಗಿ ಒಂದು ಚೌಕ ಬರೆಯಲೂ ಬರುವುದಿಲ್ಲ. ಕಿಟಕಿ ತೆರೆ, ಗೆರೆ ಎಳೆ, ಬಣ್ಣ ತುಂಬು ಎಂಬ ಕೆಲಸಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಬರೆದು ಕಟ್ಟಿಟ್ಟಿರುತ್ತಾರೆ. ಆ ಕಟ್ಟಿಗೆ ಗ್ರಾಫಿಕ್ಸ್ ಲೈಬ್ರರಿ ಎಂದು ಹೆಸರು. ನಾವು ಅದನ್ನು ತಂದು ನಮ್ಮ ಪ್ರೋಗ್ರಾಮಿಗೆ ಹೂಡಿಕೊಳ್ಳಬೇಕು. ಅದು ಎಳೆಯುತ್ತದೆ, ನಾವು ಹಿಂದೆ ನೇಗಿಲಿನ ಮೇಳಿ ಹಿಡಿಯಬೇಕು. ಒಂದೇ ಒಂದು ಲೈಬ್ರರಿ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೊದಲ ದಿನ ಹುಡುಕಿದಾಗಲೇ ಒಂದು ಸಂತೆಯಷ್ಟು ಸಿಕ್ಕವು. ಎಲ್ಲವೂ ಪುಕ್ಕಟೆ. ಆರಿಸುವವನಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೇನಿದೆ?

ಎತ್ತಿನ ಹೋಲಿಕೆ ಮನಸ್ಸಿಗೆ ಬಂದದ್ದೇ, ಮಾವನಿಗೆ ಫೋನ್ ಮಾಡಿದೆ. "ಮಾವ, ಎತ್ತು ಆರಿಸ್ಬೇಕಾದ್ರೆ ಏನೇನು ನೋಡ್ತಿದ್ರಿ?"

"ಹಲ್ಲು ನೋಡಿ, ವಯಸ್ಸು ತಿಳೀತೈತೆ. ಸುಳಿ ನೋಡಿ, ಮನೆಗೆ ಆಗಿಬರ್ತೈತೋ ಇಲ್ವೋ ತಿಳೀತೈತೆ. ನಡಿಗೆ ನೋಡಿ. ಮಾರೋನ ಬಾಯಿ ನೋಡ್ಬೇಡಿ. ಕಡೇದಾಗಿ ನೊಗ ಕಟ್ಟಿ ಒಂದು ಸಾಲು ಹೊಡೆದು ನೋಡಿ. ಸರಿಹೋದ್ರೆ ಹಗ್ಗ ಹಿಡ್ಕಂಡು ಮನೆಗೆ ಬರೋದು. ಅಷ್ಟೇಯ."

ಇನ್ನೂರು ಪುಟದ ಒಂದು ಹೊಸ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಅಂಕಣ ಹಾಕಿದೆ: ಹೆಸರು, ಹಲ್ಲು, ಸುಳಿ, ನಡಿಗೆ, ನೊಗ, ಷರಾ. ಹಲ್ಲು ಎಂದರೆ ಲೈಬ್ರರಿಯ ವಯಸ್ಸು. ನಡಿಗೆ ಎಂದರೆ ವೇಗ. ಸುಳಿ ಎಂದರೇನು? ಎತ್ತಿನ ಮೈಮೇಲೆ ಕೂದಲು ಸುರುಳಿ ಸುತ್ತಿದ ಕಡೆ ಶುಭಾಶುಭ ನೋಡುತ್ತಾರೆ; ಲೈಬ್ರರಿಗೆ ಕೂದಲಿಲ್ಲ. ಮೂರು ದಿನ ಯೋಚಿಸಿ, ಬಳಸಿದವರು ಅದರ ಮೇಲೆ ಇಂಟರ್‌ನೆಟ್ಟಿನಲ್ಲಿ ಹೇಳಿಕೊಂಡ ದೂರುಗಳೇ ಸುಳಿ ಎಂದು ತೀರ್ಮಾನಿಸಿದೆ. ಆ ಲೆಕ್ಕದಲ್ಲಿ ಲೋಕದ ಅಷ್ಟೂ ಲೈಬ್ರರಿಗಳಿಗೆ ಮೈತುಂಬ ಸುಳಿ. ನೊಗದ ಅಂಕಣವನ್ನು ಸದ್ಯಕ್ಕೆ ಖಾಲಿ ಬಿಟ್ಟೆ. ಕಟ್ಟುವುದು ಯಾವಾಗಲಾದರೂ ಇದ್ದದ್ದೇ.

ಮೊದಲು ಸಿಕ್ಕಿದ್ದು ಪೈಗೇಮ್. ನನಗೆ ಬರುತ್ತಿದ್ದ ಪೈಥಾನ್ ಭಾಷೆಯದೇ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಕೂತವನು ಮಧ್ಯಾಹ್ನದ ಊಟದೊಳಗೆ ಐದು ಸಾಲು ಐದು ಕಂಬದ ಚೌಕದ ಮನೆ ಬರೆದು, ಕಾಯಿಯನ್ನು ಯಾರೂ ಹೊಡೆಯಲಾಗದ ಕಟ್ಟೆಮನೆಗಳಿಗೆ ಅಡ್ಡಗೀಟು ಹಾಕಿ ಗಿರಿಜಾಳನ್ನು ಕರೆದೆ.

ಅವಳು ಕೈ ಒರೆಸಿಕೊಂಡು ಬಂದು ನೋಡಿದಳು. "ಚೆನ್ನಾಗಿದೆ ಕಣ್ರೀ. ನಾಳೆ ಕಾಯಿ ಹಾಕಿ, ನಾಡಿದ್ದು ಕವಡೆ ಹಾಕಿ, ಮುಗೀತಲ್ಲ."

ಅವಳ ಮಾತು ಕೇಳಿದ್ದರೆ ಯುಗಾದಿಯಾದ ಎರಡನೇ ವಾರದಲ್ಲಿ ನನ್ನ ಆಟ ಸಿದ್ಧವಾಗಿರುತ್ತಿತ್ತು. ಆದರೆ ಇಷ್ಟು ಬೇಗ ಸಿಕ್ಕಿದ್ದು ಒಳ್ಳೆಯದಾಗಿರಲು ಸಾಧ್ಯವೇ? ಮೊದಲನೇ ಅಂಗಡಿಯಲ್ಲೇ ಸೀರೆ ಕೊಂಡು ಎದ್ದುಬರುವ ಮನೆತನ ನಮ್ಮದಲ್ಲ.

ಮರುದಿನ ಬಸ್ಸಿನಲ್ಲಿ ಲೋಕೇಶ ಸಿಕ್ಕಿದ. ಲೋಕೇಶ ನಮ್ಮ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು, ಬೀರೂರಿನಲ್ಲಿ ಹತ್ತುತ್ತಾನೆ. ಅವನು ಇದುವರೆಗೆ ಒಂದು ಗೇಮನ್ನೂ ಬರೆದಿಲ್ಲ. ಹಾಗಾಗಿ ಪ್ರತಿಯೊಂದು ಲೈಬ್ರರಿಯ ಬಗ್ಗೆಯೂ ಖಚಿತವಾದ ಅಭಿಪ್ರಾಯ ಇಟ್ಟುಕೊಂಡಿದ್ದಾನೆ.

"ಪೈಗೇಮಾ? ಅದು ಮಕ್ಕಳಾಟ ಸಾರ್. ನಿಮ್ಮಂಥೋರು ಎಸ್‌ಡಿಎಲ್ ನೋಡ್ಬೇಕು. ಹಳೇ ಮನೆತನ."

"ಅದಕ್ಕೆ ಸಿ ಭಾಷೆ ಬರ್ಬೇಕಲ್ಲಪ್ಪ?"

"ಬೇಸಿಗೆ ರಜ ಇದೆಯಲ್ಲ ಸಾರ್. ಕಲೀರಿ."

ಬೇಸಿಗೆ ರಜ ಸಿ ಭಾಷೆಗೆ ಹೋಯಿತು. ಗಿರಿಜಾ ಹಪ್ಪಳ ಒತ್ತಿದಳು, ಉಪ್ಪಿನಕಾಯಿ ಹಾಕಿದಳು, ತಾರಸಿಗೆ ಸುಣ್ಣ ಬಳಿಸಿದಳು. ನಾನು ಅರ್ಧವಿರಾಮ ಚಿಹ್ನೆ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿದೆ. ಶಾಲೆ ಶುರುವಾದ ದಿನ, ಕಷ್ಟಪಟ್ಟು ಕಲಿತು ಬಂದಿದ್ದೇನೆ ಎಂದು ಲೋಕೇಶನಿಗೆ ಹೇಳಿದರೆ ಅವನು ಕಿಟಕಿಯ ಆಚೆ ನೋಡುತ್ತಾ, "ಎಸ್‌ಡಿಎಲ್ ಒಳಗಡೆಯಿಂದ ಏನು ಮಾಡುತ್ತೆ ಅಂತ ಗೊತ್ತಾಗ್ಬೇಕಾದ್ರೆ ಓಪನ್‌ಜಿಎಲ್ಲೇ ಕಲೀಬೇಕು ಸಾರ್. ಬೇರು ಅಲ್ಲಿದೆ," ಎಂದ.

ಬೇರಿಗೆ ಇಳಿದೆ. ಓಪನ್‌ಜಿಎಲ್‌ನಲ್ಲಿ ಎಲ್ಲರೂ ಮೊಟ್ಟಮೊದಲು ಬರೆಯುವ ಚಿತ್ರ ಒಂದು ತ್ರಿಕೋನ. ಅದು ಅಲ್ಲಿಯ ಅಕ್ಷರಾಭ್ಯಾಸ. ಮೂರು ಬಿಂದು ಹೇಳಿದರೆ ಸಾಲದು. ಬಿಂದುವನ್ನು ಯಾವ ಚೀಲದಲ್ಲಿ ತುಂಬಬೇಕು, ಚೀಲವನ್ನು ಯಾರಿಗೆ ಕೊಡಬೇಕು, ಅವರು ಅದಕ್ಕೆ ಯಾವ ಬಣ್ಣ ಹಚ್ಚಬೇಕು ಎಂಬುದನ್ನೆಲ್ಲ ನಾವೇ ಬರೆದು ಒಪ್ಪಿಸಬೇಕು. ಇಪ್ಪತ್ತೈದು ವರ್ಷದಿಂದ ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದು ಬದುಕಿದವನು ನಾನು. ಸ್ಕೇಲು ಇಲ್ಲದೆ ಬರೆಯುತ್ತೇನೆ. ತೆರೆಯ ಮೇಲೆ ಅದೇ ತ್ರಿಕೋನ ಬರಲು ಮೂರು ವಾರ ಹಿಡಿಯಿತು. ಬಂದ ದಿನ ಸಂತೋಷ ತಡೆಯಲಾರದೆ ಗಿರಿಜಾಳನ್ನು ಅಡಿಗೆಮನೆಯಿಂದ ಎಳೆದುಕೊಂಡು ಬಂದೆ.

ಕಿತ್ತಳೆ ಬಣ್ಣದ ತ್ರಿಕೋನವನ್ನು ಅವಳು ಬಹಳ ಹೊತ್ತು ನೋಡಿದಳು.

"ಚೌಕಾಬಾರಕ್ಕೆ ಚೌಕ ಅಲ್ವೇನ್ರೀ ಬೇಕಾಗಿರೋದು?"

"ಎರಡು ತ್ರಿಕೋನ ಸೇರಿದ್ರೆ ಒಂದು ಚೌಕ ಆಗುತ್ತೆ ಕಣೇ."

"ಹಂಗಾದ್ರೆ ಇನ್ನೂ ಮೂರು ವಾರ," ಎಂದು ಹೇಳಿ, ಒಗ್ಗರಣೆ ಸೀಯುತ್ತಿದೆ ಎಂದು ಹೋದಳು.

ಪ್ರತಿ ಭಾನುವಾರ ಮಾವನ ಫೋನು ಬರುತ್ತಿತ್ತು. "ಅಳಿಯಂದಿರೇ, ಎತ್ತು ಸಿಕ್ತಾ?"

"ನೋಡ್ತಾ ಇದೀನಿ ಮಾವ. ನಾಲ್ಕು ನೋಡಾಯ್ತು."

"ಸರಿ ಸರಿ, ನಿಧಾನವಾಗಿ ನೋಡಿ."

ಒಂದು ತಿಂಗಳ ನಂತರ: "ಸಿಕ್ತಾ?"

"ಏಳು ನೋಡಾಯ್ತು ಮಾವ. ಒಂದರ ನಡಿಗೆ ಬಹಳ ಚೆನ್ನಾಗಿದೆ."

"ನೊಗ ಕಟ್ಟಿದ್ರಾ?"

"ಇನ್ನೂ ಇಲ್ಲ."

ಆಮೇಲೆ ಮಾವ, "ಗಂಗೂ ಹೊಸ ಫೋನ್ ತಗಂಡವಳಂತೆ, ಅಗಲವಾದದ್ದು, ಇದಕ್ಕೇ ಅಂತ. ದೇವನೂರಲ್ಲೆಲ್ಲ ಹೇಳ್ಕಂಡು ಬಂದವಳೆ," ಎಂದರು.

ಇದನ್ನು ಕೇಳಿ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ನಾನು ನಡಿಗೆಯ ಪರೀಕ್ಷೆಗೆ ಇಳಿದೆ. ಯಾವ ಲೈಬ್ರರಿ ಎಷ್ಟು ಚುರುಕು ಎಂದು ತಿಳಿಯಲು ಒಂದು ಪ್ರೋಗ್ರಾಮ್ ಬರೆದೆ. ಅದು ಚೌಕಾಬಾರದ ಕಾಯಿಗಳನ್ನು ತೆರೆಯ ತುಂಬ ಸುರಿದು, ಒಂದೇ ಸಮನೆ ಕುಣಿಸುತ್ತದೆ. ನೂರು ಕಾಯಿ ಹಾಕಿದೆ, ಎಲ್ಲವೂ ಓಡಿದವು. ಸಾವಿರ ಹಾಕಿದೆ. ಹತ್ತು ಸಾವಿರ ಹಾಕಿದಾಗ ಲ್ಯಾಪ್‌ಟಾಪಿನ ಫ್ಯಾನು ನಮ್ಮ ಮಿಕ್ಸಿಯಂತೆ ಕೂಗತೊಡಗಿತು. ಯಾವುದು ಕುಂಟಿತು, ಯಾವುದು ಬಾಗಿತು ಎಂದು ಎರಡು ವಾರ ಅಳೆದು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

"ಚೌಕಾಬಾರಕ್ಕೆ ಎಷ್ಟು ಕಾಯಿ?" ಎಂದು ಗಿರಿಜಾ ಸೊಪ್ಪು ಬಿಡಿಸುತ್ತಾ ಕೇಳಿದಳು.

"ಒಬ್ಬೊಬ್ಬರಿಗೆ ನಾಲ್ಕು. ಒಟ್ಟು ಎಂಟು."

ಅವಳು ಮತ್ತೆ ಸೊಪ್ಪಿಗೆ ತಿರುಗಿದಳು. ದಂಟು ಬೇರೆ, ಎಲೆ ಬೇರೆ ಮಾಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಹೆಂಡತಿಯ ಮೌನಕ್ಕೂ ಒಂದು ಅಂಕಣ ಬೇಕಾಗುತ್ತದೆ.

ಶ್ರಾವಣ ಮುಗಿಯುವ ಹೊತ್ತಿಗೆ ಹತ್ತನೆಯದಾದ ರೇಲಿಬ್‌ಗೆ ಬಂದಿದ್ದೆ. ಸರಳವಾದದ್ದು, ಮಾತಿಗೆ ಮುಂಚೆ ಚೌಕ ಬರೆದುಕೊಟ್ಟಿತು. ಇದೇ ಸರಿ ಎಂದು ಮನಸ್ಸು ಮಾಡಿ, ಆಟಗಾರರ ಹೆಸರನ್ನು ಕನ್ನಡದಲ್ಲಿ ಹಾಕೋಣ ಎಂದು ಹೊರಟೆ. ಒತ್ತಕ್ಷರಗಳನ್ನು ಕೂಡಿಸುವುದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ತೆರೆಯ ಎಡಕ್ಕೆ 'ಸಿದ್‌ದಪ್‌ಪ' ಎಂದೂ ಬಲಕ್ಕೆ 'ಗಂಗಮ್‌ಮ' ಎಂದೂ ಮೂಡಿತು.

"ನಮ್ಮಪ್ಪನ್ನ ಯಾಕ್ರೀ ಹಿಂಗೆ ತುಂಡು ಮಾಡಿದೀರಿ?" ಎಂದಳು ಗಿರಿಜಾ. ಆಮೇಲೆ ಸಮಾಧಾನದಿಂದಲೇ, "ಒಂದು ಹಾಳೆ ಮೇಲೆ ನಾನು ದುಂಡಗೆ ಹೆಸರು ಬರೆದುಕೊಡ್ತೀನಿ. ಫೋಟೋ ತೆಗೆದು ಅಂಟಿಸಿ. ಚಿತ್ರ ತೋರ್ಸೋಕೆ ಬರುತ್ತಲ್ಲ ಇದಕ್ಕೆ?" ಎಂದಳು.

ಬರುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ಹೆಂಡತಿಯ ಕೈಬರಹದ ಫೋಟೋ ಅಂಟಿಸುವುದು ಪ್ರೋಗ್ರಾಮರನ ಘನತೆಗೆ ತಕ್ಕುದಲ್ಲ ಎಂದು ಸದರಿ ಲೈಬ್ರರಿಯನ್ನೂ ಕೈಬಿಟ್ಟೆ. ಹನ್ನೊಂದನೆಯದನ್ನು ಇಳಿಸಿಕೊಂಡೆ. ಅದರ ಕೈಪಿಡಿಯೇ ಆರುನೂರು ಪುಟವಿತ್ತು. ಕ್ಯಾಲೆಂಡರ್ ನೋಡಿದೆ. ಗೌರಿ ಹಬ್ಬಕ್ಕೆ ನಾಲ್ಕು ದಿನ.

ಆಗ ನನಗೆ ಬೆವರು ಬಂತು.

ನೋಟ್‌ಬುಕ್ಕನ್ನು ಮುಚ್ಚಿ, ಮರ್ಯಾದೆ ಬಿಟ್ಟು, ಮೊಟ್ಟಮೊದಲು ನೋಡಿದ್ದ ಪೈಗೇಮಿಗೇ ವಾಪಸು ಬಂದೆ. ಯುಗಾದಿಯ ವಾರ ಬರೆದಿಟ್ಟಿದ್ದ ಚೌಕದ ಮನೆ ಹಾಗೇ ಇತ್ತು. ಮೂರು ದಿನ ರಜ ಹಾಕಿದೆ. ಗಿರಿಜಾ ಪಕ್ಕದಲ್ಲಿ ಕೂತು ಕಾನೂನು ಹೇಳಿದಳು, ನಾನು ಬರೆದೆ. ಕಾಯಿ ನಡೆಯಿತು. ಕಾಯಿ ಕಾಯಿಯನ್ನು ಹೊಡೆಯಿತು. ಒಳಮನೆಗೆ ಹೋದ ಕಾಯಿ ಹಣ್ಣಾಯಿತು. ಇಪ್ಪತ್ತು ಎಸೆತಕ್ಕೊಮ್ಮೆ ಒಂದು ಕವಡೆ ಗೋಡೆಗೆ ಒರಗುವಂತೆಯೂ ಮಾಡಿದೆ. ಹೆಸರಿನ ಜಾಗದಲ್ಲಿ ಗಿರಿಜಾಳ ಕೈಬರಹದ ಫೋಟೋ ಅಂಟಿಸಿದೆ; ಬಹಳ ಚೆನ್ನಾಗಿ ಕಂಡಿತು. ಮೂರನೆಯ ದಿನ ಸಂಜೆ ಇಬ್ಬರೂ ಒಂದೇ ಮಂಚದ ಮೇಲೆ ಲ್ಯಾಪ್‌ಟಾಪನ್ನು ನಡುವೆ ಇಟ್ಟುಕೊಂಡು ಪೂರ್ತಿ ಆಟ ಆಡಿದೆವು. ಅವಳು ಗೆದ್ದಳು. ಆಟದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

'ಒಂದೇ ಮಂಚದ ಮೇಲೆ' ಎಂಬ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಗೌರಿ ಹಬ್ಬದ ಮಧ್ಯಾಹ್ನ ಅಜ್ಜಂಪುರದ ಪಡಸಾಲೆ ತುಂಬಿತ್ತು. ಗಂಗಮ್ಮನ ಬಾಗಿನ ಬೆಳಿಗ್ಗೆಯೇ ದೇವನೂರಿಗೆ ಹೋಗಿತ್ತು. ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಮಡಿಸಿದ ಕಂಬಳಿಯ ಮೇಲೆ ಕೂತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು. ಅಲ್ಲಿ ಗಂಗಮ್ಮನ ಕಡೆ ಹದಿನಾರು ಜನ ಕೂತಿರುತ್ತಾರಾದ್ದರಿಂದ ಮಾವನೂ ಇಲ್ಲಿ ಕೆಮ್ಮುವವರನ್ನು ಹೊಂದಿಸಿಟ್ಟುಕೊಂಡಿದ್ದರು. ಗಿರಿಜಾಳ ಫೋನಿನಲ್ಲಿ ಗಂಗಮ್ಮನನ್ನು ಹಿಡಿದು, ಸ್ಪೀಕರು ಹಾಕಿ ಇಟ್ಟಿದ್ದೆವು.

"ಅಣ್ಣಯ್ಯ, ಊಟ ಆಯ್ತಾ?"

"ಆಯ್ತು ಕಣಮ್ಮ. ನೀನು ಬಾಗಿನ ಬಿಚ್ಚಿದ್ಯಾ?"

"ಬಿಚ್ಚಿದೆ. ಬಾಗಿನದ ಬೆಲ್ಲ ತಿಂದೇ ಕೂತಿವ್ನಿ. ಇವತ್ತು ಇಪ್ಪತ್ಮೂರು ಮಾಡ್ತೀನಿ, ನೋಡ್ತಿರು."

ನಾನು ಕುರ್ಚಿಯ ಮೇಲೆ ಲ್ಯಾಪ್‌ಟಾಪನ್ನು ಸ್ಥಾಪಿಸಿ, ಎರಡು ಮಾತು ಪ್ರಾಸ್ತಾವಿಕವಾಗಿ ಹೇಳಿ, ಪ್ರೋಗ್ರಾಮನ್ನು ಒತ್ತಿದೆ. ಗಾಬರಿಯಲ್ಲಿ ಒತ್ತಿದ್ದು ಪಕ್ಕದ್ದನ್ನು. ಹತ್ತು ಸಾವಿರ ಕಾಯಿಗಳು ತೆರೆಯ ಮೇಲಿನಿಂದ ಮಳೆಗಾಲದ ಈಸಲುಹುಳದಂತೆ ಇಳಿದು ಕುಣಿಯತೊಡಗಿದವು.

ಮಾವ ಕನ್ನಡಕ ಸರಿಮಾಡಿಕೊಂಡರು. "ಇಷ್ಟೂ ಕಾಯಿ ಯಾರ್ದು? ಗಂಗೂದಾ, ನಂದಾ?"

"ಅದು ನಡಿಗೆ ಪರೀಕ್ಷೆ ಮಾವ. ಇರಿ, ನಿಲ್ಲಿಸ್ತೀನಿ."

ಅದು ನಿಲ್ಲಲಿಲ್ಲ. ಫ್ಯಾನು ಕೂಗಿತು. ಪಕ್ಕದ ಮನೆಯವರೊಬ್ಬರು ಕುರ್ಚಿಯಿಂದ ಸ್ವಲ್ಪ ದೂರ ಸರಿದು ಕೂತರು. ಕೊನೆಗೆ ಗುಂಡಿ ಒತ್ತಿ ಹಿಡಿದು ಲ್ಯಾಪ್‌ಟಾಪನ್ನೇ ಆರಿಸಿ, ಮತ್ತೆ ಹಚ್ಚಿ, ಈ ಸಲ ಸರಿಯಾದ್ದನ್ನು ತೆರೆದೆ. ಚೌಕದ ಮನೆ ಬಂತು. ದುಂಡಗೆ 'ಸಿದ್ದಪ್ಪ' ಎಂದು ಬಂತು. ಪಡಸಾಲೆಯಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಮಾವ ಬೆರಳಿನಿಂದ ಗುಂಡಿ ಒತ್ತಿದರು. ನಾಲ್ಕೂ ಕವಡೆ ಮಕಾಡೆ ಬಿದ್ದವು. ಬಾರಾ! ಎಂಟು!

ಜೀವನದಲ್ಲಿ ಆ ಅರ್ಧ ನಿಮಿಷ ನಾನು ದೊಡ್ಡ ಮನುಷ್ಯನಾಗಿದ್ದೆ.

ಮಾವ ಕಾಯಿ ನಡೆಸಿ, ಇನ್ನೊಂದು ಎಸೆತವನ್ನೂ ಮುಗಿಸಿ, ಮೀಸೆ ತೀಡಿಕೊಂಡು ಹೇಳಿದರು: "ಹ್ಞೂಂ, ಗಂಗೂ, ಈಗ ನಿಂದು."

ಮಾವ ಫೋನಿನ ಕಡೆ ಬಗ್ಗಿದರು.

"ಗಂಗೂ, ಆಡಮ್ಮ."

"ಎಲ್ಲಿ ಆಡ್ಲಿ ಅಣ್ಣಯ್ಯ? ಆಗ್ಲಿಂದ ಫೋನನ್ನೇ ನೋಡ್ತಾ ಕೂತಿವ್ನಿ. ಇದ್ರಲ್ಲಿ ನಿಮ್ಮ ಧ್ವನಿ ಬಿಟ್ರೆ ಏನೂ ಬಂದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಅದಕ್ಕೆ ತಿರುಗಲು ಬೇರೆ ಯಾರೂ ಇರಲಿಲ್ಲ.

ಗ್ರಾಫಿಕ್ಸ್ ಲೈಬ್ರರಿ ಚಿತ್ರ ಬರೆಯುತ್ತದೆ. ಎದುರಿಗಿರುವ ತೆರೆಯ ಮೇಲೆ ಬರೆಯುತ್ತದೆ. ಅಜ್ಜಂಪುರದಲ್ಲಿ ನಡೆಸಿದ ಕಾಯಿಯನ್ನು ದೇವನೂರಿಗೆ ತಲುಪಿಸುವುದು ಅದರ ಕೆಲಸವೇ ಅಲ್ಲ. ಆ ಕೆಲಸಕ್ಕೆ ನಾನು ಒಂದು ಸಾಲನ್ನೂ ಬರೆದಿರಲಿಲ್ಲ. ಐದು ತಿಂಗಳಲ್ಲಿ ಹಲ್ಲು ನೋಡಿದ್ದೆ, ಸುಳಿ ನೋಡಿದ್ದೆ, ಹತ್ತು ಸಾವಿರ ಕಾಯಿ ಕುಣಿಸಿದ್ದೆ. ಇಬ್ಬರು ಆಟಗಾರರು ಎರಡು ಊರಿನಲ್ಲಿದ್ದಾರೆ ಎಂಬುದೊಂದು ಮರೆತುಹೋಗಿತ್ತು.

ಇದನ್ನು ಆದಷ್ಟು ಗೌರವಯುತವಾದ ಮಾತುಗಳಲ್ಲಿ ಮಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ, ಎತ್ತು ತಂದ್ರಿ. ಗಾಡೀನೇ ಇಲ್ಲ."

"ಹೌದು ಮಾವ."

"ನೊಗ ಕಟ್ಟಿದ್ರೆ ಅವತ್ತೇ ತಿಳೀತಿತ್ತು."

"ಹೌದು ಮಾವ."

ಮಾವ ಎದ್ದು ಕೋಣೆಯ ಬಾಗಿಲಿನ ಕಡೆ ಹೋದರು. ಇಪ್ಪತ್ತೊಂದು, ಇಪ್ಪತ್ತೆರಡು ಹಾಗೇ ಇತ್ತು. ಅವರ ಬೆನ್ನನ್ನು ನೋಡಲಾರದೆ ಲ್ಯಾಪ್‌ಟಾಪನ್ನು ಮುಚ್ಚಿಟ್ಟೆ. ತಮಾಷೆಗೆ ಹೇಳುತ್ತಿಲ್ಲ.

ಗಿರಿಜಾ ಎದ್ದಳು. ಒಳಗೆ ಹೋಗಿ ಒಂದು ಸೀಮೆಸುಣ್ಣ ಮತ್ತು ಕವಡೆಯ ಸಂಚಿ ತಂದಳು. ಮಂಡಿಯೂರಿ ಪಡಸಾಲೆಯ ನೆಲದ ಮೇಲೆ ಐದು ಸಾಲು ಐದು ಕಂಬ ಎಳೆದಳು. ಒಂದು ನಿಮಿಷವೂ ಆಗಲಿಲ್ಲ. ಬೇಕಾದರೆ ನಡಿಗೆಯ ಅಂಕಣದಲ್ಲಿ ಬರೆದುಕೊಳ್ಳಬಹುದು.

"ಗಂಗತ್ತೆ, ನೀವೂ ಅಲ್ಲಿ ಮೇಜಿನ ಮೇಲೆ ಮನೆ ಬರೆಸ್ಕೊಳ್ಳಿ. ನಿಮ್ಮ ಕವಡೆ ನೀವು ಬಿಡಿ, ಅಪ್ಪಂದು ಅಪ್ಪ ಬಿಡ್ಲಿ. ಎರಡೂ ಕಡೆ ಎಲ್ಲಾ ಕಾಯೀನೂ ಇಟ್ಕಂಡು, ಹೇಳ್ಕಂಡು ನಡೆಸೋದು."

"ಅಣ್ಣಯ್ಯ ಒಂದು ಬಿದ್ರೆ ಬಾರಾ ಅಂತಾನೆ ಕಣೇ. ಚಿಕ್ಕೋನಿದ್ದಾಗಿಂದ್ಲೂ ಹಂಗೇ."

"ವಿಡಿಯೋ ಹಾಕ್ತೀವಿ. ಇವರು ಫೋನ್ ಹಿಡ್ಕಂಡು ನಿಂತ್ಕತಾರೆ."

'ಇವರು' ಎಂದರೆ ನಾನು. ಹೀಗೆ ನನಗೆ ಕೆಲಸ ಸಿಕ್ಕಿತು. ಕವಡೆ ಬೀಳುವ ಜಾಗದ ಮೇಲೆ ಫೋನನ್ನು ಚಾಚಿ ಹಿಡಿದು, ಬೆನ್ನು ಬಗ್ಗಿಸಿ, ಎರಡು ಗಂಟೆ ನಿಂತೆ. ಗಂಗಮ್ಮನಿಂದ ಆಗಾಗ ಸೂಚನೆ ಬರುತ್ತಿತ್ತು: "ಅಳಿಯಂದಿರೇ, ಕೈ ನಡುಗ್ತೈತೆ. ಚಿತ್ರ ಅಲ್ಲಾಡ್ತೈತೆ." "ಇನ್ನೂ ವಸಿ ಕೆಳಕ್ಕೆ." "ನಿಮ್ಮ ಹೆಬ್ಬೆಟ್ಟು ಅಡ್ಡ ಬಂತು ನೋಡ್ರಿ." ಎರಡೂ ಊರಿನಲ್ಲಿ ಪ್ರತಿ ಎಸೆತಕ್ಕೂ ಒಟ್ಟಿಗೆ ಕೆಮ್ಮು ಏಳುತ್ತಿತ್ತು.

ಆಟ ಸಮಸಮ ಹೋಯಿತು. ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ಮಾವನ ಕಾಯಿ ಹಣ್ಣಾಗಲು ಸರಿಯಾಗಿ ಎರಡು ಬೀಳಬೇಕು, ಅಂದರೆ ಎರಡೇ ಕವಡೆ ಅಂಗಾತ. ಮಾವ ಕವಡೆಗಳನ್ನು ಎರಡು ಅಂಗೈಯಲ್ಲಿ ಕುಲುಕಿ ಬಿಟ್ಟರು. ಎರಡು ಅಂಗಾತ ಬಿದ್ದವು. ಒಂದು ಮಕಾಡೆ. ನಾಲ್ಕನೆಯದು ಉರುಳಿಕೊಂಡು ಬಂದು, ನನ್ನ ಬಲಗಾಲಿನ ಹೆಬ್ಬೆರಳಿಗೆ ಒರಗಿ ನಿಂತಿತು.

ಎಲ್ಲರೂ ಬಗ್ಗಿ ನೋಡಿದರು.

"ಎರಡು!" ಎಂದರು ಮಾವ.

"ಎಲ್ಲಿ ಎರಡು? ಅದು ಒರಗೈತೆ. ಗೋಡೆಗೆ ಒರಗಿದ್ರೆ ಲೆಕ್ಕಿಲ್ಲ, ಮತ್ತೆ ಬಿಡ್ಬೇಕು," ಎಂದರು ಫೋನಿನಲ್ಲಿ ಗಂಗಮ್ಮ.

"ಇದು ಗೋಡೆ ಅಲ್ಲ ಕಣಮ್ಮ. ಅಳಿಯ."

"ಐದು ತಿಂಗಳಿಂದ ಗೋಡೆ ಹಂಗೇ ತಾನೆ ಇದ್ದದ್ದು? ಮಾತಾಡಿದ್ರೆ ಸದ್ದು ವಾಪಸ್ ಬರೋದು, ಕೆಲಸ ಆಗ್ತಿರ್ಲಿಲ್ಲ. ಗೋಡೆ ಅಂತ್ಲೇ ಹಿಡೀರಿ," ಎಂದಳು ಗಿರಿಜಾ.

ಮಾವ ನನ್ನನ್ನು ಒಂದು ಸಲ ನೋಡಿದರು, ಎತ್ತನ್ನು ನೋಡುವಂತೆ ಕಾಲಿನಿಂದ ಮೇಲಕ್ಕೆ. "ಆಯ್ತು, ಗೋಡೆ," ಎಂದರು. ಎರಡೂ ತಾಲ್ಲೂಕುಗಳ ಸಭಿಕರು ಇದನ್ನು ಸರ್ವಾನುಮತದಿಂದ ಅಂಗೀಕರಿಸಿದರು. ಗೋಡೆ ಸಮೇತ ಆಟ ಕೊಡುತ್ತೇನೆ ಎಂದು ಯುಗಾದಿಯ ದಿನ ಕೊಟ್ಟ ಮಾತನ್ನು ನಾನು ಈ ರೀತಿಯಾಗಿ ಉಳಿಸಿಕೊಂಡೆ.

ಮಾವ ಮತ್ತೆ ಬಿಟ್ಟರು. ಎರಡು ಅಂಗಾತ, ಎರಡು ಮಕಾಡೆ, ಯಾವುದೂ ಯಾವುದಕ್ಕೂ ಒರಗಲಿಲ್ಲ.

ಅವರು ಕೇಕೆ ಹಾಕಲಿಲ್ಲ. ಒಲೆಯ ಹತ್ತಿರದಿಂದ ಇದ್ದಿಲು ತರಿಸಿ, ಬಾಗಿಲು ಮುಚ್ಚಿ, ಎಡಗಡೆ ಇಪ್ಪತ್ತೆರಡನೆಯ ಗೀಟನ್ನು ನಿಧಾನವಾಗಿ, ಮಿಕ್ಕವಕ್ಕಿಂತ ಸ್ವಲ್ಪ ಉದ್ದವಾಗಿ ಎಳೆದರು. ಅದನ್ನು ನಾನು ಫೋನಿನಲ್ಲಿ ತೋರಿಸಬೇಕಾಯಿತು.

"ಉದ್ದ ಎಳೆದಿದೀಯ ಅಣ್ಣಯ್ಯ."

"ಬರೋ ವರ್ಷ ನೀನೇ ಬಂದು ಅಳಿಸು."

ಸೋಮವಾರ ಬಸ್ಸಿನಲ್ಲಿ ಲೋಕೇಶನಿಗೆ ಎಲ್ಲವನ್ನೂ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿದ. "ಅದಕ್ಕೆ ನೆಟ್‌ವರ್ಕ್ ಲೈಬ್ರರಿ ಅಂತ ಬೇರೆ ಇರ್ತಾವೆ ಸಾರ್. ಹದಿನೈದು ಇಪ್ಪತ್ತು ಇವೆ. ಯಾವುದು ಒಳ್ಳೇದು ಅಂತ ನೋಡ್ಬೇಕು."

ಸುಳ್ಳೇಕೆ ಹೇಳಲಿ, ನನ್ನ ಕೈ ಚೀಲದಲ್ಲಿದ್ದ ನೋಟ್‌ಬುಕ್ಕಿಗೆ ಹೋಯಿತು. ಇನ್ನೂ ನೂರು ಪುಟ ಖಾಲಿ ಇದ್ದವು. ತೆಗೆದು ನೋಡಿದರೆ ಹನ್ನೊಂದು ಲೈಬ್ರರಿಗಳ ಕೆಳಗೆ ಹನ್ನೆರಡನೆಯ ಸಾಲೊಂದು ಸೇರಿತ್ತು, ಗಿರಿಜಾಳ ದುಂಡು ಅಕ್ಷರದಲ್ಲಿ. ಹೆಸರಿನ ಜಾಗದಲ್ಲಿ ನನ್ನ ಹೆಸರು. ಹಲ್ಲು: ಎರಡು ಕೀಳಿಸಿದೆ. ಸುಳಿ: ಅಪ್ಪ ಮದುವೆಗೆ ಮುಂಚೆ ಸರಿಯಾಗಿ ನೋಡಲಿಲ್ಲ. ನಡಿಗೆ: ತ್ರಿಕೋನಕ್ಕೆ ಮೂರು ವಾರ.

ಐದು ತಿಂಗಳು ನಾನು ಖಾಲಿ ಬಿಟ್ಟಿದ್ದ ನೊಗದ ಅಂಕಣ ಆ ಒಂದು ಸಾಲಿನಲ್ಲಿ ಮಾತ್ರ ತುಂಬಿತ್ತು: ಕಟ್ಟಿ ಇಪ್ಪತ್ತಾರು ವರ್ಷವಾಯಿತು. ಎಳೆಯುತ್ತದೆ. ಎಲ್ಲಿಗೆ ಎಂದು ಹೇಳಬೇಕು.